ಟೀಚರ್‌ಗೆ ಯಾರೂ ಹೇಳದ ಮಾತು

1985ರ ಜುಲೈನಲ್ಲಿ ಅಮೆರಿಕದಲ್ಲಿ ಎರಡು ಸಂಗತಿ ನಡೆದವು. ಒಂದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಇನ್ನೊಂದು ಕಂಪನಿಯೊಂದರ ಫೈಲಿನಲ್ಲೇ ಉಳಿಯಿತು.

ಜುಲೈ 19ರಂದು ವೈಟ್ ಹೌಸ್‌ನಲ್ಲಿ ಉಪಾಧ್ಯಕ್ಷ ಜಾರ್ಜ್ ಬುಷ್ ಒಂದು ಹೆಸರು ಹೇಳಿದರು: ಕ್ರಿಸ್ಟಾ ಮೆಕಾಲಿಫ್. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾಂಕರ್ಡ್ ಊರಿನ ಹೈಸ್ಕೂಲ್ ಟೀಚರ್. ವಯಸ್ಸು 36. ಇಬ್ಬರು ಚಿಕ್ಕ ಮಕ್ಕಳ ತಾಯಿ. ಬಾಹ್ಯಾಕಾಶಕ್ಕೆ ಹೋಗುತ್ತೇವೆ ಅಂತ 11,000ಕ್ಕೂ ಹೆಚ್ಚು ಶಿಕ್ಷಕರು ಅರ್ಜಿ ಹಾಕಿದ್ದರು. ಅವರಲ್ಲಿ ಆಯ್ಕೆಯಾದದ್ದು ಇವರು.

ಇದಾದ 12ನೇ ದಿನ, ಜುಲೈ 31ರಂದು, ಮಾರ್ಟನ್ ಥಯೊಕಾಲ್ ಎಂಬ ಕಂಪನಿಯ ಇಂಜಿನಿಯರ್ ರೋಜರ್ ಬೊಯ್ಜೊಲಿ ತಮ್ಮ ಮೇಲಧಿಕಾರಿಗೆ ಒಂದು ಟಿಪ್ಪಣಿ ಬರೆದರು. ಜನರನ್ನು ಬಾಹ್ಯಾಕಾಶಕ್ಕೆ ಒಯ್ದು ವಾಪಸ್ ತರುವ ನಾಸಾದ ನೌಕೆ ಸ್ಪೇಸ್ ಷಟಲ್‌ನ ಪಕ್ಕದಲ್ಲಿ ಕಟ್ಟುವ ಬೂಸ್ಟರ್ ರಾಕೆಟ್‌ಗಳನ್ನು ಮಾಡಿಕೊಡುತ್ತಿದ್ದುದು ಈ ಕಂಪನಿ. ಬೂಸ್ಟರ್‌ನ ಜೋಡಣೆಗಳಲ್ಲಿ ಕೂರುವ ರಬ್ಬರ್ ಬಳೆಗಳನ್ನು ನಂಬೋಕಾಗಲ್ಲ, ಈಗಲೇ ಸರಿಮಾಡದಿದ್ದರೆ ಜನರ ಜೀವ ಹೋಗುವಂಥ ದೊಡ್ಡ ಅನಾಹುತ ಆಗಬಹುದು ಎನ್ನುವುದು ಅದರ ಸಾರ.

ಆ ಟಿಪ್ಪಣಿ ಟೀಚರ್‌ವರೆಗೆ ಬರಲೇ ಇಲ್ಲ. 1986ರ ಜನವರಿ 28ರ ಬೆಳಿಗ್ಗೆ 11:38ಕ್ಕೆ ಫ್ಲೋರಿಡಾದಿಂದ ಮೇಲೆದ್ದ ಚಾಲೆಂಜರ್ ಎಂಬ ಷಟಲ್ 73 ಸೆಕೆಂಡಿಗೆ ಒಡೆದುಹೋಯಿತು. ಕ್ರಿಸ್ಟಾ ಸೇರಿ ಏಳು ಜನ ತೀರಿಕೊಂಡರು. 2026ರ ಜನವರಿಗೆ ಅದಕ್ಕೆ 40 ವರ್ಷ ತುಂಬಿತು.

ನನ್ನ ತಂಗಿ ಹೈಸ್ಕೂಲ್ ಟೀಚರ್. ಎಂಟನೇ ಕ್ಲಾಸಿನಲ್ಲಿ ಅವಳು ಈ ಕತೆ ಹೇಳಿದಾಗ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳಂತೆ: "ಮಿಸ್, ಆ ಟೀಚರ್‌ಗೆ ಮೊದಲೇ ಗೊತ್ತಿತ್ತಾ?" ತಂಗಿ ಅವತ್ತು ರಾತ್ರಿ ನನಗೆ ಫೋನ್ ಮಾಡಿ ಅದನ್ನೇ ಕೇಳಿದಳು. ಈ ಲೇಖನ ಶುರುವಾಗಿದ್ದು ಅಲ್ಲಿಂದ.

ಈಗ ಈ ಪ್ರಶ್ನೆ ಹಳೇ ಕತೆಯ ಪ್ರಶ್ನೆ ಮಾತ್ರ ಅಲ್ಲ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಜುಲೈನಲ್ಲಿ ವಾಪಸ್ ಬಂದರು. ನಮ್ಮದೇ ರಾಕೆಟ್‌ನಲ್ಲಿ ನಮ್ಮವರನ್ನು ಮೇಲೆ ಕಳಿಸುವ ಗಗನಯಾನ ಯೋಜನೆಗೆ ಇಸ್ರೋ ತಯಾರಿ ನಡೆಸಿದೆ. ಅದೇ 2025ರ ಮೇ ಕೊನೆಯಲ್ಲಿ ಟೆಕ್ಸಾಸ್‌ನ ಒಬ್ಬ ವಿಜ್ಞಾನ ಶಿಕ್ಷಕಿ ಬ್ಲೂ ಒರಿಜಿನ್ ಕಂಪನಿಯ ರಾಕೆಟ್‌ನಲ್ಲಿ ಹತ್ತು ನಿಮಿಷದ ಪ್ರಯಾಣ ಮಾಡಿ ಇಳಿದರು. ಪೈಲಟ್ ಅಲ್ಲದವರು, ನಮ್ಮ ನಿಮ್ಮಂಥವರು ಮೇಲೆ ಹೋಗುವ ಕಾಲ ಬಂದಿದೆ. ನಮ್ಮಲ್ಲೂ ಒಂದು ದಿನ ಒಬ್ಬ ಟೀಚರ್ ಹೋಗಬೇಕು ಅನ್ನುವ ಆಸೆ ನನಗಿದೆ. ಹಾಗೆ ಹೋಗುವಾಗ ಏನು ತಪ್ಪಬಾರದು ಅನ್ನುವುದು ಕ್ರಿಸ್ಟಾ ಅವರ ಕತೆಯಲ್ಲೇ ಇದೆ.

ಮೊದಲು ಅವರು ಏನು ಪಾಠ ಮಾಡುತ್ತಿದ್ದರು ಅನ್ನುವುದನ್ನು ನೋಡೋಣ. ತುಂಬಾ ಜನ ಅವರನ್ನು ಸೈನ್ಸ್ ಟೀಚರ್ ಅಂದುಕೊಂಡಿದ್ದಾರೆ. ಅಲ್ಲ. ನಮ್ಮ ಮಕ್ಕಳ ಮಾತಲ್ಲಿ ಹೇಳಬೇಕಂದರೆ ಅವರು 'ಸೋಶಿಯಲ್ ಮಿಸ್'. ಇತಿಹಾಸ, ಕಾನೂನು, ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ಅಮೆರಿಕದ ಹೆಂಗಸರ ಇತಿಹಾಸದ ಬಗ್ಗೆ ತಾವೇ ಒಂದು ಕೋರ್ಸ್ ಮಾಡಿಕೊಂಡಿದ್ದರು. ಇತಿಹಾಸ ಅಂದರೆ ಅಧ್ಯಕ್ಷರು, ಯುದ್ಧಗಳು ಅಷ್ಟೇ ಅಲ್ಲ, ಸಾಮಾನ್ಯ ಜನ ಬರೆದಿಟ್ಟ ಕಾಗದ, ಡೈರಿಗಳಲ್ಲೂ ಅದು ಇರುತ್ತದೆ ಅನ್ನುವುದು ಅವರ ನಂಬಿಕೆ. ಮುಚ್ಚುಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರು ದಾರಿಯುದ್ದಕ್ಕೂ ದಿನಚರಿ ಬರೆದಿದ್ದರು. ನಾನೂ ಹಾಗೇ ಬರೆಯುತ್ತೇನೆ ಎಂದು ಅವರು ಅರ್ಜಿಯಲ್ಲಿ ಹೇಳಿದ್ದರು. ತರಬೇತಿಯ ದಿನಗಳದ್ದು ಒಂದು ಭಾಗ, ಪ್ರಯಾಣದ್ದು ಒಂದು, ವಾಪಸ್ ಬಂದ ಮೇಲಿನದ್ದು ಒಂದು. ಒಟ್ಟು ಮೂರು ಭಾಗದ ಡೈರಿ.

ಮೇಲಿನಿಂದ ಮಕ್ಕಳಿಗೆ ಎರಡು ಪಾಠ ನೇರ ಪ್ರಸಾರದಲ್ಲಿ ಮಾಡುವುದಿತ್ತು. ಮೊದಲನೆಯದು ಒಂಥರಾ ಶಾಲಾ ಪ್ರವಾಸ. ಷಟಲ್‌ನೊಳಗೆ ಓಡಾಡಿಸಿ ಯಾರ ಕೆಲಸ ಏನು, ಎಲ್ಲಿ ಊಟ, ಎಲ್ಲಿ ನಿದ್ದೆ ಅಂತ ತೋರಿಸುವುದು. ಎರಡನೆಯದು, ಮನುಷ್ಯ ಬಾಹ್ಯಾಕಾಶಕ್ಕೆ ಯಾಕೆ ಹೋಗಬೇಕು ಎನ್ನುವುದರ ಬಗ್ಗೆ. ಇವೆರಡಲ್ಲದೆ ಆರು ಸಣ್ಣ ಪ್ರಯೋಗಗಳನ್ನು ವಿಡಿಯೊ ಮಾಡಿ ತರಬೇಕಿತ್ತು. ಅಯಸ್ಕಾಂತ, ನ್ಯೂಟನ್ನನ ನಿಯಮಗಳು, ನೀರಿಗೆ ಹಾಕಿದ ಮಾತ್ರೆ ನೊರೆ ಬರುವುದು, ಮಣ್ಣಿಲ್ಲದೆ ಗಿಡ ಬೆಳೆಸುವುದು ಇಂಥವು. ಸುಮ್ನೆ ಕೈಬೀಸಿ ಬರೋಕೆ ಹೊರಟವರಲ್ಲ ಅವರು. ಪಾಠದ ಟಿಪ್ಪಣಿ ರೆಡಿ ಇಟ್ಟುಕೊಂಡೇ ಹೊರಟಿದ್ದರು.

ಹಾಗಾದರೆ ಅವರನ್ನು ಕಳಿಸಿದವರಿಗೆ ಬೇಕಾಗಿದ್ದೇನು? ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡಬೇಕು. ಅಧ್ಯಕ್ಷ ರೊನಾಲ್ಡ್ ರೇಗನ್ ಈ ಯೋಜನೆ ಪ್ರಕಟಿಸಿದ್ದು 1984ರ ಆಗಸ್ಟ್ 27ರಂದು. ಚುನಾವಣೆ ಎರಡೇ ತಿಂಗಳು ದೂರ. ಇನ್ನೊಂದು ಕಡೆ ನಾಸಾ ಷಟಲನ್ನು ಬಸ್ಸು, ಲಾರಿ ಥರ ದಿನನಿತ್ಯದ ವಾಹನ ಎಂದು ದೇಶಕ್ಕೆ ಒಪ್ಪಿಸಬೇಕಿತ್ತು. ಅದರ ದುಡ್ಡಿನ ಲೆಕ್ಕ ನಿಂತದ್ದೇ ಆ ಮಾತಿನ ಮೇಲೆ. ವರ್ಷಕ್ಕೆ 24 ಸಲ ಹಾರಿಸುವ ಗುರಿ ಇಟ್ಟುಕೊಂಡಿದ್ದರು. 1985ರಲ್ಲಿ ಹಾರಿದ್ದು 9 ಸಲ. ಅದೇ ವರ್ಷ ಒಬ್ಬ ಸೆನೆಟರ್ ಹೋಗಿ ಬಂದರು. 1986ರ ಜನವರಿಯಲ್ಲಿ ಸಂಸದ ಬಿಲ್ ನೆಲ್ಸನ್ ಹೋಗಿ ಬಂದರು. ಟೀಚರ್ ಆದಮೇಲೆ ಪತ್ರಕರ್ತರ ಸರದಿ ಇತ್ತು. ಮಕ್ಕಳಿಗೆ ಪಾಠ ಹೇಳುವ ತಾಯಿಯೊಬ್ಬರು ನಗುನಗುತ್ತಾ ಹತ್ತಿ ಕೂತರೆ, ಈ ಗಾಡಿ ಸೇಫ್ ಅನ್ನೋಕೆ ಬೇರೆ ಸಾಕ್ಷಿ ಬೇಕಾ? ಕ್ರಿಸ್ಟಾ ಪಾಠ ಮಾಡೋಕೆ ಹೊರಟಿದ್ದರು. ಅವರನ್ನು ಆ ಸೀಟಿನಲ್ಲಿ ಕೂರಿಸಿದ್ದು ಅಪಾಯ ಇಲ್ಲ ಅಂತ ತೋರಿಸೋಕೆ. ನನ್ನ ತಕರಾರು ಇರುವುದು ಇಲ್ಲೇ.

ಈಗ ಆ ರಬ್ಬರ್ ಬಳೆಯ ವಿಷಯಕ್ಕೆ ಬರೋಣ. ಬೂಸ್ಟರ್‌ನ ಎತ್ತರ ಸುಮಾರು 45 ಮೀಟರ್. ಅಷ್ಟುದ್ದದ್ದನ್ನು ಒಂದೇ ತುಂಡಾಗಿ ಯೂಟಾದಿಂದ ಫ್ಲೋರಿಡಾಕ್ಕೆ ಸಾಗಿಸೋಕಾಗಲ್ಲ. ತುಂಡುಗಳನ್ನಾಗಿ ಮಾಡಿ, ರೈಲಿನಲ್ಲಿ ತಂದು, ಒಂದರ ಮೇಲೊಂದು ಕೂರಿಸಿ ಜೋಡಿಸುತ್ತಿದ್ದರು. ಪ್ರತಿ ಜೋಡಣೆಯಲ್ಲಿ ಎರಡು ರಬ್ಬರ್ ಬಳೆ. ಇದಕ್ಕೇ ಓ-ರಿಂಗ್ ಅನ್ನುವುದು. ಬಳೆಯ ಅಡ್ಡಗಲ ಮೂರೂವರೆ ಮೀಟರ್‌ಗಿಂತ ಜಾಸ್ತಿ. ದಪ್ಪ ಮಾತ್ರ ಬರೀ 7 ಮಿಲಿಮೀಟರ್, ಕಿರುಬೆರಳಿಗಿಂತ ತೆಳು. ಒಳಗೆ ಉರಿಯುವ ಇಂಧನದ ಗಾಳಿ ಹೊರಗೆ ನುಗ್ಗದಂತೆ ತಡೆಯಬೇಕಾದದ್ದು ಈ ಬಳೆ.

ನಮ್ಮ ಅಡುಗೆಮನೆಯ ಕುಕ್ಕರ್ ಗ್ಯಾಸ್ಕೆಟ್ ಕೂಡ ಇದೇ ಜಾತಿಯದು. ಗ್ಯಾಸ್ಕೆಟ್ ಸಡಿಲವಾಗಿ ಹಬೆ ಪಕ್ಕದಿಂದ ಹೋಗತೊಡಗಿದರೆ ತುಂಬಾ ಮನೆಗಳಲ್ಲಿ ಅದನ್ನು ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಟ್ಟು ತೆಗೆಯುತ್ತಾರೆ. ತೆಗೆದ ತಕ್ಷಣ ಮುಟ್ಟಿ ನೋಡಿ. ಬಿಗಿಯಾಗಿ, ಗಡುಸಾಗಿ ಇರುತ್ತದೆ. ಬೆರಳಿಂದ ಒತ್ತಿ ಬಿಟ್ಟರೆ ಮೊದಲಿನ ಆಕಾರಕ್ಕೆ ನಿಧಾನವಾಗಿ ಬರುತ್ತದೆ. ಕುಕ್ಕರ್‌ಗಾದರೆ ಪರವಾಗಿಲ್ಲ, ಅದರ ಮುಚ್ಚಳ ಅಲುಗಾಡುವುದಿಲ್ಲ. ಬೂಸ್ಟರ್‌ನ ಕತೆ ಬೇರೆ. ಬೆಂಕಿ ಹೊತ್ತಿಕೊಂಡ ಕ್ಷಣ ಒಳಗಿನ ಒತ್ತಡಕ್ಕೆ ಜೋಡಣೆ ಒಂಚೂರು ಬಾಯಿ ಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ರಬ್ಬರ್ ಬಳೆ ಹಿಗ್ಗಿ ಆ ಸಂದು ಮುಚ್ಚಬೇಕು. ತಣ್ಣಗಾಗಿ ಗಡುಸಾದ ಬಳೆಗೆ ಅಷ್ಟು ಬೇಗ ಹಿಗ್ಗೋಕಾಗಲ್ಲ.

ಇದು ಆಮೇಲೆ ಗೊತ್ತಾದ ವಿಷಯ ಅಲ್ಲ. 1985ರ ಜನವರಿಯಲ್ಲಿ, ಬಳೆಗಳು ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗಾಗಿದ್ದಾಗ ಹಾರಿದ ಷಟಲ್‌ನ ಬೂಸ್ಟರ್ ಬಿಚ್ಚಿ ನೋಡಿದಾಗ ಎರಡು ಬಳೆಗಳ ನಡುವೆ ಕಪ್ಪು ಮಸಿ ಸಿಕ್ಕಿತ್ತು. ಅಂದರೆ ಬಿಸಿಗಾಳಿ ಮೊದಲನೇ ಬಳೆ ದಾಟಿತ್ತು. ಬೊಯ್ಜೊಲಿ ಅವರ ಚಿಂತೆ ಜಾಸ್ತಿಯಾಗಿದ್ದೇ ಅದನ್ನು ಕಣ್ಣಾರೆ ನೋಡಿದ ಮೇಲೆ.

ಒಂದು ವರ್ಷ ಕಳೆದು, 1986ರ ಜನವರಿ 27ರ ರಾತ್ರಿ. ಫ್ಲೋರಿಡಾದಲ್ಲಿ ಅಪರೂಪದ ಚಳಿ. ಯೂಟಾದ ಕಂಪನಿ, ಅಲಬಾಮಾದ ನಾಸಾ ಕೇಂದ್ರ, ಫ್ಲೋರಿಡಾದ ಉಡಾವಣಾ ಕೇಂದ್ರ, ಮೂರೂ ಕಡೆಯವರು ಫೋನಿನಲ್ಲಿ ಕೂತರು. 12 ಡಿಗ್ರಿಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಎಂದು ಕಂಪನಿಯ ಇಂಜಿನಿಯರ್‌ಗಳು ಹೇಳಿದರು. ನಾಸಾದವರು ಸಿಟ್ಟಾದರು. ಹಾಗಾದರೆ ಯಾವಾಗ ಹಾರಿಸಬೇಕು, ಮುಂದಿನ ಏಪ್ರಿಲ್‌ನಲ್ಲಾ ಎಂದು ಅಲ್ಲಿನ ಮ್ಯಾನೇಜರ್ ಒಬ್ಬರು ಕೇಳಿದ್ದು ದಾಖಲೆಯಲ್ಲಿದೆ. ಕಂಪನಿಯವರು ಐದು ನಿಮಿಷ ಕೊಡಿ ಅಂತ ಫೋನ್ ಮ್ಯೂಟ್ ಮಾಡಿದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಆ ಅರ್ಧ ಗಂಟೆಯಲ್ಲಿ ಹಿರಿಯ ಅಧಿಕಾರಿ ಜೆರಿ ಮೇಸನ್, ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಬಾಬ್ ಲಂಡ್ ಅವರಿಗೆ ಇಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಫೋನಿಗೆ ವಾಪಸ್ ಬಂದಾಗ ಕಂಪನಿಯ ಉತ್ತರ ಬದಲಾಗಿತ್ತು: ಹಾರಿಸಬಹುದು. ಫ್ಲೋರಿಡಾದಲ್ಲಿದ್ದ ಅದೇ ಕಂಪನಿಯ ಆಲನ್ ಮೆಕ್‌ಡೊನಾಲ್ಡ್ ಸಹಿ ಹಾಕಲು ಒಪ್ಪಲಿಲ್ಲ. ಯೂಟಾದಲ್ಲಿ ಇನ್ನೊಬ್ಬರು ಸಹಿ ಹಾಕಿ ಫ್ಯಾಕ್ಸ್ ಮಾಡಿದರು.

ಆ ರಾತ್ರಿ ಏನಾಯಿತು ಅನ್ನುವುದಕ್ಕೆ ತುಂಬಾ ವಿಶ್ಲೇಷಣೆಗಳಿವೆ. ನನಗೆ ಎದ್ದು ಕಾಣುವುದು ಒಂದೇ. ಯಾವಾಗಲೂ 'ಇದು ಸೇಫ್ ಅಂತ ತೋರಿಸಿ, ಆಮೇಲೆ ಹಾರಿಸೋಣ' ಅನ್ನುವುದು ಪದ್ಧತಿ. ಆ ರಾತ್ರಿ ಅದು ತಲೆಕೆಳಗಾಯಿತು. 'ಇದು ಕೆಟ್ಟೇ ಕೆಡುತ್ತದೆ ಅಂತ ತೋರಿಸಿ, ಇಲ್ಲದಿದ್ದರೆ ಹಾರಿಸುತ್ತೇವೆ' ಅಂತಾಯಿತು. ಅಷ್ಟು ಚಳಿಯಲ್ಲಿ ಹಿಂದೆಂದೂ ಹಾರಿಸಿರಲಿಲ್ಲ. ಹಾಗಾಗಿ ತೋರಿಸೋಕೆ ಇಂಜಿನಿಯರ್‌ಗಳ ಹತ್ತಿರ ಅಂಕಿ ಇರಲಿಲ್ಲ. ಅಂಕಿ ಇಲ್ಲ ಅನ್ನುವುದನ್ನೇ ಅಪಾಯ ಇಲ್ಲ ಎಂದು ಓದಿಕೊಂಡರು.

ಈ ಮಾತುಕತೆ ನಡೆದದ್ದು ಷಟಲ್ ಹತ್ತಲಿದ್ದ ಏಳು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಉಡಾವಣಾ ಗೋಪುರದ ತುಂಬಾ ಮಂಜುಗಡ್ಡೆ ನೇತಾಡುತ್ತಿತ್ತು. ಷಟಲ್ ಹತ್ತುವ ಮುಂಚೆ ಅಲ್ಲಿನ ಸಿಬ್ಬಂದಿಯೊಬ್ಬರು ಕ್ರಿಸ್ಟಾ ಅವರ ಕೈಗೆ ಒಂದು ಸೇಬು ಕೊಟ್ಟರು. ನಮ್ಮ ಮಕ್ಕಳು ಮನೆಯ ಗಿಡದ ಗುಲಾಬಿ ಕಿತ್ತು ಮಿಸ್‌ಗೆ ತಂದು ಕೊಡುತ್ತಾರಲ್ಲ, ಅಲ್ಲಿ ಟೀಚರ್‌ಗೆ ಸೇಬು ಕೊಡುವ ಪದ್ಧತಿ ಹಾಗೆ. ಅವರ ಮಗನ ಮೂರನೇ ಕ್ಲಾಸಿನ ಗೆಳೆಯರೆಲ್ಲ ನೋಡೋಕೆ ಫ್ಲೋರಿಡಾಕ್ಕೆ ಬಂದಿದ್ದರು. ಕಾಂಕರ್ಡ್‌ನ ಶಾಲೆಯ ಸಭಾಂಗಣದಲ್ಲಿ ಮಕ್ಕಳು ಪಾರ್ಟಿ ಟೋಪಿ ಹಾಕಿಕೊಂಡು, ಪೀಪಿ ಹಿಡಿದುಕೊಂಡು ಟಿವಿ ಮುಂದೆ ಕೂತಿದ್ದರು. ನಾಸಾ ಶಾಲೆಗಳಿಗೆಂದೇ ಉಪಗ್ರಹದ ಮೂಲಕ ನೇರ ಪ್ರಸಾರದ ಏರ್ಪಾಡು ಮಾಡಿತ್ತು. ಅಮೆರಿಕದ ಎಷ್ಟೋ ಕ್ಲಾಸ್‌ರೂಮುಗಳಲ್ಲಿ ಮಕ್ಕಳು ಅದನ್ನು ತಮ್ಮ ಟೀಚರ್ ಜೊತೆ ಕೂತೇ ನೋಡಿದರು.

ತನಿಖಾ ಆಯೋಗದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದ್ದರು. ಅವರು ಫೆಬ್ರುವರಿಯಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ, ಓ-ರಿಂಗ್‌ನ ರಬ್ಬರ್ ತುಂಡೊಂದನ್ನು ಸಣ್ಣ ಕ್ಲ್ಯಾಂಪಿನಲ್ಲಿ ಬಿಗಿದು, ಕುಡಿಯೋಕೆ ಕೊಟ್ಟ ಐಸ್ ನೀರಿನ ಲೋಟದಲ್ಲಿ ಮುಳುಗಿಸಿದರು. ತೆಗೆದು ಕ್ಲ್ಯಾಂಪ್ ಬಿಚ್ಚಿದಾಗ ರಬ್ಬರ್ ತಕ್ಷಣ ಹಿಗ್ಗಲಿಲ್ಲ. ನನ್ನ ಪ್ರಕಾರ ಆ ಇಡೀ ದುರಂತದಲ್ಲಿ ಜಗತ್ತಿಗೆ ಸಿಕ್ಕ ಒಳ್ಳೆಯ ಪಾಠ ಇದೊಂದೇ. ಅದೂ ಹೈಸ್ಕೂಲಿನ ಲ್ಯಾಬಿನಲ್ಲಿ ಮಾಡಬಹುದಾದ ಪ್ರಯೋಗ.

ಫೈನ್‌ಮನ್ ಇನ್ನೊಂದನ್ನೂ ಕೆದಕಿದರು. ಷಟಲ್ ಅಪಘಾತವಾಗುವ ಸಂಭವ ಎಷ್ಟು ಎಂದು ಕೇಳಿದಾಗ ನಾಸಾದ ಮೇಲಧಿಕಾರಿಗಳ ಲೆಕ್ಕ ಲಕ್ಷಕ್ಕೊಂದು. ಕೆಲಸ ಮಾಡುವ ಇಂಜಿನಿಯರ್‌ಗಳ ಲೆಕ್ಕ ನೂರಕ್ಕೊಂದರ ಆಸುಪಾಸು. ಲಕ್ಷಕ್ಕೊಂದು ಅಂದರೆ ದಿನಕ್ಕೊಂದರಂತೆ 270 ವರ್ಷ ಹಾರಿಸಿದರೂ ಒಂದೇ ಒಂದು ಅಪಘಾತ. ಷಟಲ್‌ಗಳ ಕತೆ 2011ರಲ್ಲಿ ಮುಗಿಯಿತು. ಒಟ್ಟು 135 ಹಾರಾಟ, ಎರಡು ದುರಂತ. ಎರಡನೆಯದು 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ. ಅಂದರೆ ಸುಮಾರು 68ಕ್ಕೆ ಒಂದು. ಇಂಜಿನಿಯರ್‌ಗಳ ಅಂದಾಜೇ ಸತ್ಯಕ್ಕೆ ಹತ್ತಿರ ಇತ್ತು. 'ನೂರಕ್ಕೊಂದು' ಅನ್ನುವ ಲೆಕ್ಕವನ್ನು ಕ್ರಿಸ್ಟಾ ಮುಂದಿಟ್ಟು, ರಬ್ಬರ್ ಬಳೆಯ ಸಮಸ್ಯೆ ಬಿಡಿಸಿ ಹೇಳಿ, ಆಮೇಲೆ ಹೋಗುತ್ತೀರಾ ಅಂತ ಕೇಳಿದ್ದರೆ ಅವರು ಏನನ್ನುತ್ತಿದ್ದರೋ. ಹೋಗುತ್ತೇನೆ ಅಂತಲೇ ಅನ್ನುತ್ತಿದ್ದರೇನೋ. ಆದರೆ ಆಗ ಆ ತೀರ್ಮಾನ ಅವರದಾಗಿರುತ್ತಿತ್ತು. ತಂಗಿಯ ಕ್ಲಾಸಿನ ಹುಡುಗಿ ಕೇಳಿದ್ದೂ ಇದನ್ನೇ ಅಲ್ವಾ?

ಈ ಕತೆಯಲ್ಲಿ ಇನ್ನೊಬ್ಬ ಟೀಚರ್ ಇದ್ದಾರೆ. ಅವರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಬಾರ್ಬರಾ ಮಾರ್ಗನ್, ಐಡಹೊ ರಾಜ್ಯದ ಮೆಕಾಲ್ ಎಂಬ ಸಣ್ಣ ಊರಿನ ಪ್ರೈಮರಿ ಶಾಲೆಯವರು. ಕ್ರಿಸ್ಟಾ ಅವರಿಗೆ ಏನಾದರೂ ತೊಂದರೆಯಾದರೆ ಬದಲಿಗೆ ಹೋಗಲಿ ಎಂದು ಇವರನ್ನೂ ಆರಿಸಿದ್ದರು. ಇಬ್ಬರೂ ಒಟ್ಟಿಗೇ ತರಬೇತಿ ಪಡೆದರು. ದುರಂತದ ನಂತರ ಬಾರ್ಬರಾ ತಮ್ಮ ಶಾಲೆಗೆ ವಾಪಸ್ ಹೋಗಿ ಪಾಠ ಮುಂದುವರಿಸಿದರು. ನಾಸಾ ಮಾತ್ರ ಕರೆದಾಗಲೆಲ್ಲ ಹೋಗಿ ಬರುತ್ತಿದ್ದರು. 1998ರಲ್ಲಿ ಅವರನ್ನು ಪೂರ್ತಿ ಗಗನಯಾತ್ರಿಯಾಗಿ ತೆಗೆದುಕೊಂಡರು. 2007ರ ಆಗಸ್ಟ್ 8ರಂದು ಎಂಡೆವರ್ ಎಂಬ ಷಟಲ್‌ನಲ್ಲಿ ಹೊರಟಾಗ ಅವರಿಗೆ 55 ವರ್ಷ. ಮೊದಲ ಆಯ್ಕೆಯಿಂದ ಎಣಿಸಿದರೆ 22 ವರ್ಷದ ಕಾಯುವಿಕೆ.

ಈ ಸಲ ಅವರು ಅತಿಥಿಯಾಗಿ ಕೂತಿರಲಿಲ್ಲ. ಷಟಲ್‌ನ ರೋಬಾಟ್ ಕೈ ನಡೆಸುವುದು ಅವರ ಕೆಲಸಗಳಲ್ಲಿ ಒಂದು. ಹಾರುವಾಗ ಷಟಲ್‌ನ ಹೊಟ್ಟೆಯ ಶಾಖ ತಡೆಯುವ ಬಿಲ್ಲೆಗೆ ಪೆಟ್ಟು ಬಿದ್ದು, ಸುಮಾರು ಒಂಬತ್ತು ಸೆಂಟಿಮೀಟರ್ ಉದ್ದದ ಗುಳಿಯಾಗಿತ್ತು. ನಾಸಾ ಅದನ್ನು ಮುಚ್ಚಿಡಲಿಲ್ಲ. ಹತ್ತಿರದಿಂದ ಅಳೆದರು, ಕೆಳಗೆ ಅಂಥದೇ ಗುಳಿ ಮಾಡಿ ಪರೀಕ್ಷೆ ನಡೆಸಿದರು, ದಿನಗಟ್ಟಲೆ ಚರ್ಚೆ ಮಾಡಿದರು. ಒಳಗಿದ್ದ ಏಳು ಜನರಿಗೂ ಎಲ್ಲ ಗೊತ್ತಿತ್ತು. ಕೊನೆಗೆ ರಿಪೇರಿ ಬೇಡ ಎಂದು ತೀರ್ಮಾನವಾಯಿತು. ಆಗಸ್ಟ್ 21ರಂದು ಸುರಕ್ಷಿತವಾಗಿ ಇಳಿದರು. 1986ರ ಆ ಅರ್ಧ ಗಂಟೆಯ ಮ್ಯೂಟ್ ಕಾಲ್ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಬಾರ್ಬರಾ ನಂತರದ ಟೀಚರ್‌ಗಳದ್ದೂ ಇದೇ ದಾರಿ. 2004ರಲ್ಲಿ ನಾಸಾ ಜೋ ಅಕಾಬಾ, ರಿಕಿ ಆರ್ನಲ್ಡ್, ಡಾರತಿ ಮೆಟ್‌ಕಾಫ್-ಲಿಂಡನ್‌ಬರ್ಗರ್ ಎಂಬ ಮೂವರನ್ನು ಆರಿಸಿತು. ಮೂವರೂ ಪೂರ್ತಿ ತರಬೇತಿ ಪಡೆದು ಹಾರಿದರು. ಅಕಾಬಾ ಮುಂದೆ ನಾಸಾದ ಗಗನಯಾತ್ರಿಗಳ ಕಚೇರಿಗೇ ಮುಖ್ಯಸ್ಥರಾದರು. ಡಾರತಿ ಅವರದ್ದಂತೂ ಚೆಂದದ ಕತೆ. ಬಾಹ್ಯಾಕಾಶದಲ್ಲಿ ಟಾಯ್ಲೆಟ್‌ಗೆ ಹೇಗೆ ಹೋಗುತ್ತಾರೆ ಎಂದು ಕ್ಲಾಸಿನಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ್ದಕ್ಕೆ ಉತ್ತರ ಹುಡುಕುತ್ತಾ ನಾಸಾ ವೆಬ್‌ಸೈಟ್‌ಗೆ ಹೋದರು. ಅಲ್ಲಿ ಟೀಚರ್‌ಗಳು ಬೇಕಾಗಿದ್ದಾರೆ ಎಂಬ ಕರೆ ಕಂಡಿತು.

ಬಿಲ್ ನೆಲ್ಸನ್ ಹೆಸರು ಮೇಲೆ ಬಂತಲ್ಲ, ಅವರು ಭೂಮಿಗಿಳಿದ ಹತ್ತು ದಿನಕ್ಕೆ ಚಾಲೆಂಜರ್ ಒಡೆಯಿತು. 2024ರಲ್ಲಿ ಅವರೇ ನಾಸಾದ ಮುಖ್ಯಸ್ಥರು. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಹೋಗಿದ್ದ ಸ್ಟಾರ್‌ಲೈನರ್‌ನಲ್ಲಿ ದೋಷ ಕಂಡಾಗ ಅದನ್ನು ಖಾಲಿಯಾಗಿ ವಾಪಸ್ ತರಿಸಿ, ಇಬ್ಬರನ್ನೂ ಬೇರೆ ನೌಕೆಯಲ್ಲಿ ಕರೆತರುವ ತೀರ್ಮಾನ ಪ್ರಕಟಿಸಿದ್ದು ಅವರೇ. ಚಾಲೆಂಜರ್, ಕೊಲಂಬಿಯಾದ ತಪ್ಪುಗಳನ್ನು ನೆನೆದೇ ಈ ತೀರ್ಮಾನ ಎಂದೂ ಹೇಳಿದರು. ಎಂಟು ದಿನಕ್ಕೆಂದು ಹೋದ ಇಬ್ಬರೂ ಒಂಬತ್ತು ತಿಂಗಳು ಅಲ್ಲಿದ್ದರು. ಕೆಲವರಿಗೆ ಅದು ನಾಚಿಕೆಗೇಡು ಅನ್ನಿಸಿತು. ನನಗೆ ಅದು ಜವಾಬ್ದಾರಿಯ ಕೆಲಸ ಅನ್ನಿಸಿತು.

ಚಾಲೆಂಜರ್ ಜೊತೆ ನಮ್ಮ ನಂಟು ಅನೇಕರಿಗೆ ಗೊತ್ತಿಲ್ಲ. 1983ರ ಆಗಸ್ಟ್ ಕೊನೆಯಲ್ಲಿ ಇನ್ಸಾಟ್-1ಬಿ ಉಪಗ್ರಹವನ್ನು ಮೇಲೆ ಬಿಟ್ಟು ಬಂದದ್ದು ಇದೇ ಚಾಲೆಂಜರ್. ಅದನ್ನು ನಿಯಂತ್ರಿಸುತ್ತಿದ್ದುದು ನಮ್ಮ ಹಾಸನದ ಕೇಂದ್ರ. ಸಾಲಗಾಮೆ ರಸ್ತೆಯಲ್ಲಿ ಓಡಾಡಿದವರಿಗೆ ಆಕಾಶಕ್ಕೆ ಮುಖಮಾಡಿದ ಆ ದೊಡ್ಡ ಆಂಟೆನಾಗಳು ಗೊತ್ತು. 1984ರ ಆಗಸ್ಟ್ 15ರಿಂದ ದೂರದರ್ಶನದಲ್ಲಿ ಯುಜಿಸಿಯ ಪಾಠಗಳು ಬರತೊಡಗಿದ್ದು ಆ ಉಪಗ್ರಹದ ಮೂಲಕವೇ. ಇನ್ನೊಂದು ಇದೆ. ಇನ್ಸಾಟ್-1ಸಿ ಜೊತೆ ಷಟಲ್‌ನಲ್ಲಿ ಹೋಗಲು ಇಸ್ರೋದ ಪಿ. ರಾಧಾಕೃಷ್ಣನ್ ಮತ್ತು ಎನ್. ಸಿ. ಭಟ್ ಆಯ್ಕೆಯಾಗಿದ್ದರು. ಇಬ್ಬರೂ ವಿಜ್ಞಾನಿಗಳು, ಪೈಲಟ್‌ಗಳಲ್ಲ. ಇಬ್ಬರಲ್ಲಿ ಒಬ್ಬರು 1986ರಲ್ಲೇ ಹೋಗಬೇಕಿತ್ತು. ಚಾಲೆಂಜರ್ ದುರಂತದಿಂದ ಅದು ನಿಂತೇ ಹೋಯಿತು. ಆಮೇಲೆ ಇನ್ಸಾಟ್-1ಸಿ ಯುರೋಪಿನ ಏರಿಯನ್ ರಾಕೆಟ್‌ನಲ್ಲಿ ಹೋಯಿತು.

ಗಗನಯಾನಕ್ಕೆ ಆರಿಸಿರುವ ನಾಲ್ವರೂ ವಾಯುಪಡೆಯ ಪೈಲಟ್‌ಗಳು. ಮೊದಲ ಹಾರಾಟಗಳಿಗೆ ಅದೇ ಸರಿ. ಷಟಲ್‌ನಲ್ಲಿ ಇಲ್ಲದ ಒಂದು ವ್ಯವಸ್ಥೆ ಗಗನಯಾನದಲ್ಲಿದೆ: ರಾಕೆಟ್ ಕೆಟ್ಟರೆ ಜನ ಕೂತ ಕೋಣೆಯನ್ನು ಎಳೆದು ದೂರ ಒಯ್ಯುವ ಏರ್ಪಾಡು. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಅದರ ಪರೀಕ್ಷೆ ನಡೆಯಿತು. ಹಾರಲು ಐದು ಸೆಕೆಂಡ್ ಇದ್ದಾಗ ಕಂಪ್ಯೂಟರ್ ತಾನಾಗಿ ನಿಲ್ಲಿಸಿತು. ಟಿವಿ ಮುಂದೆ ಕೂತ ಮಕ್ಕಳಿಗೆ ಬೇಜಾರಾಗಿರಬೇಕು. ಏನಾಯಿತು ಎಂದು ಇಸ್ರೋ ಅಲ್ಲೇ ಎಲ್ಲರ ಮುಂದೆ ಹೇಳಿತು, ನೋಡಿ ಸರಿಮಾಡಿ ಅವತ್ತೇ ಬೆಳಿಗ್ಗೆ ಹಾರಿಸಿತು. ಈ ಅಭ್ಯಾಸ ಉಳಿಯಬೇಕು. ನಮ್ಮ ಎಲ್‌ವಿಎಂ3 ರಾಕೆಟ್‌ನ ಪಕ್ಕದ ಬೂಸ್ಟರ್‌ಗಳಲ್ಲೂ ಘನ ಇಂಧನವೇ ಇರುವುದು. ಅವೂ ತುಂಡು ತುಂಡಾಗಿ ಜೋಡಿಸಿದವೇ. ಒಮ್ಮೆ ಹೊತ್ತಿಸಿದರೆ ಆರಿಸೋಕಾಗಲ್ಲ. ಮುಂದೆ ಒಬ್ಬ ಕನ್ನಡದ ಟೀಚರ್ ಹೋಗುವ ದಿನ ಬಂದರೆ ಹಾರಗಳ ಜೊತೆ ಇಂಜಿನಿಯರ್‌ಗಳ ಟಿಪ್ಪಣಿಗಳೂ ಅವರ ಕೈಗೆ ಹೋಗಬೇಕು. ಬಾರ್ಬರಾ ಅವರ ಹಾಗೆ ವರ್ಷಗಟ್ಟಲೆ ಕಲಿತು, ಬೇಡ ಅನ್ನುವ ಹಕ್ಕೂ ಇಟ್ಟುಕೊಂಡು ಹೋಗಬೇಕು.

ಪಾಠಕ್ಕೆ ವಿಷಯಗಳಂತೂ ಕಾದು ಕೂತಿವೆ. ಶುಕ್ಲಾ ತಮ್ಮ ಜೊತೆ ಒಯ್ದ ಪ್ರಯೋಗಗಳಲ್ಲಿ ಒಂದು ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಮಾಡಿದ್ದು. ಹೆಸರುಕಾಳು ಮತ್ತು ಮೆಂತ್ಯವನ್ನು ಬಾಹ್ಯಾಕಾಶದಲ್ಲಿ ಮೊಳಕೆ ಬರಿಸುವುದು. ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿಟ್ಟು ಮಾರನೇ ದಿನ ಬಿಚ್ಚಿ ನೋಡದ ಮಗು ನಮ್ಮಲ್ಲಿ ಇಲ್ಲ. ಕೆಳಗೆ ಮೇಲೆ ಅನ್ನುವುದೇ ಇಲ್ಲದ ಕಡೆ ಬೇರು ಯಾವ ಕಡೆ ಹೊರಡುತ್ತದೆ ಎಂದು ಕೇಳಿದರೆ ಇಡೀ ಕ್ಲಾಸ್ ಎದ್ದು ನಿಲ್ಲುತ್ತದೆ.

ಕ್ರಿಸ್ಟಾ ಮಾಡದೆ ಉಳಿದ ಪ್ರಯೋಗಗಳು ಕೊನೆಗೂ ನಡೆದವು. 2018ರಲ್ಲಿ ಅಕಾಬಾ ಮತ್ತು ಆರ್ನಲ್ಡ್ ಬಾಹ್ಯಾಕಾಶ ನಿಲ್ದಾಣದಲ್ಲಿ ಅವರ ಟಿಪ್ಪಣಿ ಇಟ್ಟುಕೊಂಡು ಕೆಲವನ್ನು ಮಾಡಿ ವಿಡಿಯೊ ಕಳಿಸಿದರು. ತಂಗಿ ಹೋದ ತಿಂಗಳು ಅದರಲ್ಲೊಂದನ್ನು ಫೋನಿನಲ್ಲೇ ಕ್ಲಾಸಿಗೆ ತೋರಿಸಿದಳು. ಮೊದಲು ಸ್ಟೀಲ್ ಲೋಟದ ನೀರಿಗೆ ಒಂದು ಪೊಟ್ಟಣ ಈನೋ ಸುರಿದಳು. ಗುಳ್ಳೆಗಳು ಬುಸ್ಸೆಂದು ಮೇಲೆ ಬಂದವು. ಆಮೇಲೆ ವಿಡಿಯೊ. ಗಾಳಿಯಲ್ಲಿ ತೇಲುವ ನೀರಿನ ಉಂಡೆ, ಅದರೊಳಗೆ ಕರಗುವ ಮಾತ್ರೆ. ಗುಳ್ಳೆಗಳು ಎಲ್ಲೂ ಏರಲಿಲ್ಲ, ನೀರಿನೊಳಗೇ ನಿಂತವು. ಮಕ್ಕಳು ಇನ್ನೊಂದು ಸಲ ಹಾಕಿ ಮಿಸ್ ಅಂತ ಮೂರು ಸಲ ಹಾಕಿಸಿಕೊಂಡರಂತೆ.